ಬಿರಡೆ

ಕುದುರೆ ಕಿತ್ತುಹೋದ ಗಿಟಾರನ್ನು ಕಂಬಳಿಯಲ್ಲಿ ಸುತ್ತಿ
ಶಿವಮೊಗ್ಗದಿಂದ ಬೆಳಗಿನ ರೈಲು ಹಿಡಿದು
ಸಾಗರಕ್ಕೆ ಬಂದೆ.
ವಾದ್ಯದಂಗಡಿಯವರು ನಾಲ್ವರೂ
"ಹೊಸದು ತಗೊಳ್ಳಿ ಮೇಡಂ" ಅಂದಿದ್ದರು.

ಗುತ್ಯಪ್ಪ ಗುಡಿಗಾರರು ಗಿಟಾರು ಮುಟ್ಟಿದವರಲ್ಲ.
ಗಂಧದ ಆನೆಗೆ ಕಣ್ಣು ಬಿಡಿಸುತ್ತಿದ್ದವರು
ಉಳಿ ಕೆಳಗಿಟ್ಟು, ಪಂಚೆಗೆ ಕೈಯೊರೆಸಿ
ಮೊದಲು ಮೂಸಿದರು.
"ನಮ್ಮ ಕಡೆಯ ಮರ ಅಲ್ಲ."
ಆಮೇಲೆ ತಲೆಯ ಹಿಂಬದಿಗೆ ಹೆಬ್ಬೆರಳು ಓಡಿಸಿ
ಒಂದೆಡೆ ನಿಂತರು. ಮತ್ತೊಂದೆಡೆ.
"ಇಲ್ಲಿ ಇನ್ನೂ ನಾಲ್ಕು ತೂತಿದ್ದವು ತಂಗಿ,
ಯಾರೋ ಬಿರಡೆ ಹೊಡೆದು ಮುಚ್ಚಿದ್ದಾರೆ.
ಎಳೆ ಅಡ್ಡ ಬಂದಿದೆ ನೋಡಿ. ಕೆಲಸ ಮಾತ್ರ ಚೊಕ್ಕ."

ಹದಿನೇಳು ವರ್ಷ ನುಡಿಸಿದ್ದೇನೆ ಇದನ್ನು.
ಅಪೊಲಿನ್ ಟೀಚರ್ ಹಾಸಿಗೆ ಹಿಡಿದಾಗ
ಇಗರ್ಜಿಯ ಹುಡುಗರಿಗೆ ಕೊಡದೆ ನನಗೆ ಕೊಟ್ಟದ್ದು.
ಯಾವ ಹಡಗು, ಯಾರ ಮುತ್ತಜ್ಜ, ನಾನು ಕೇಳಲಿಲ್ಲ;
ಅವರೂ ಯಾರನ್ನೂ ಕೇಳಿರಲಿಲ್ಲವೆಂದು ಕಾಣುತ್ತದೆ.

ಆರು ಮತ್ತು ನಾಲ್ಕು, ಹತ್ತು.
ಹತ್ತೆಂದರೆ ಐದು ಜೋಡಿ.

ವೀಣೆಯ ಕಿವಿ ಹಿಂಡುವುದೂ ಬಿರಡೆ,
ಸೀಸೆಯ ಬಾಯಿ ಮುಚ್ಚುವುದೂ ಬಿರಡೆ.
ಇಷ್ಟು ದಿನ ಈ ಮಾತು ಬಾಯಲ್ಲೇ ಇತ್ತು,
ಕಚ್ಚಿರಲಿಲ್ಲ.

ಆಮೇಲಿನ ರಾತ್ರಿಗಳಲ್ಲಿ ಓದಿದೆ, ಸಿಕ್ಕಿದ್ದನ್ನೆಲ್ಲ.
ಐದು ಜೋಡಿ ಕರುಳಿನ ತಂತಿ, ಕರುಳನ್ನೇ ಕಟ್ಟಿದ ಮನೆಗಳು,
ಹೆಬ್ಬೆರಳು ಮಂದ್ರವೆಂದು ಮೀಟಿದಲ್ಲಿ
ತಾರದಲ್ಲಿ ನಗುವ ಶ್ರುತಿ.
ಆ ಕಾಲದವರು ರಾಗ ಬರೆದಿಡಲಿಲ್ಲ,
ಬೆರಳಿಡುವ ಜಾಗ ಬರೆದಿಟ್ಟರು:
ಗೆರೆಯೇ ತಂತಿ, ಅಂಕಿಯೇ ಮನೆ.
ಕೈ ಸತ್ತಮೇಲೂ ಕೈಯ ವಿಳಾಸ ಉಳಿಯಿತು.

ಕಾಲ ಬಂದು ಆರು ತಂತಿ ಸಾಕೆಂದಾಗ
ಒಪ್ಪಿಕೊಂಡವಕ್ಕೆ ತೂತು ಮುಚ್ಚಿಸಿದರು, ಕುತ್ತಿಗೆ ಕುಯ್ದರು;
ಒಪ್ಪದವು ಒಲೆಗೆ, ಹುಳಕ್ಕೆ, ಮಕ್ಕಳ ಆಟಕ್ಕೆ.
ಉಳಿದದ್ದೆಲ್ಲ ಒಪ್ಪಿಕೊಂಡದ್ದೇ ಎಂದು ಬರೆದು
ಹೊಡೆದು ಹಾಕಿದೆ. ನನಗೇನು ಗೊತ್ತು.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಮತ್ತೆ ಹೋದೆ.
ಹೊಸ ಕುದುರೆ ಕೂತಿತ್ತು, ಶಿವನೆ ಮರದ್ದು.
ಹೊಟ್ಟೆಯೊಳಗಿಂದ ತೆಗೆದ ತೊಗಲಿನ ಚೂರೊಂದು
ಬೆಂಕಿಪೊಟ್ಟಣದಲ್ಲಿತ್ತು, ಉಗುರಿನಷ್ಟು, ಕೊರೆದ ಹೂವಿನಂಚು.
"ಇದೇನು?" ಅಂದರು.
ಬಾಯಿಯ ಸುತ್ತ ತೊಗಲಿನ ಹೂವಿರುತ್ತಿತ್ತಂತೆ,
ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಇಳಿಯುವುದು,
ಮಲಂದೂರಿನ ಕೊಳದ ಹಾಗೆ, ಅಂದೆ.
ಅವರು ಬಹಳ ಹೊತ್ತು ಆ ಚೂರನ್ನೇ ನೋಡಿದರು,
ಇನ್ನೊಬ್ಬ ಗುಡಿಗಾರನ ಕೈಬರಹ ಓದುವವರಂತೆ.

ಒಳಗೆ ಮಗಳು ನಾಳಿನ ಎಡೆಗೆ ಎಲೆ ಒರೆಸುತ್ತಿದ್ದಳು.
"ಇದರ ಕಡೆಯವರು ಯಾರ್‍ಯಾರು? ಹೇಳಿ."
ತಮಾಷೆ ಅಂದುಕೊಂಡೆ. ಅಲ್ಲ.

ವಿಹುವೇಲ, ಅಂದೆ. ಅರಮನೆಯವಳು, ಸೊಂಟ ಇವಳದ್ದೇ,
ಆರು ಜೋಡಿ. ಪುಸ್ತಕ ಏಳು ಉಳಿದಿವೆ,
ಮೈ ಉಳಿದದ್ದು ಒಂದು ಕೈಯ ಬೆರಳೆಣಿಕೆ.
ಸಿಟರ್ನು. ಹಿತ್ತಾಳೆ ತಂತಿ.
ಕ್ಷೌರದಂಗಡಿಯ ಗೋಡೆಗೆ ನೇತಿರುತ್ತಿತ್ತಂತೆ,
ಸರದಿ ಕಾಯುವವರು ನುಡಿಸಲೆಂದು.
(ಇಲ್ಲಿ ಅವರು ನಕ್ಕರು. "ನಮ್ಮಲ್ಲಿ ಪೇಪರ್ ಇಡ್ತಾರೆ.")
ಬಂಡೋರ, ಅಂಚೆಲ್ಲ ಅಲೆ ಅಲೆ.
ನಾಲ್ಕೇ ಜೋಡಿಯ ಒಂದು ಕೂಸು.
ಲೈರ್ ಗಿಟಾರು, ಎರಡು ಕೊಂಬಿನದು:
ಹೆಂಗಸರು ನುಡಿಸಿದ್ದಕ್ಕಿಂತ
ಹಿಡಿದು ಚಿತ್ರ ಬರೆಸಿಕೊಂಡದ್ದೇ ಹೆಚ್ಚು.
ಇನ್ನೂ ಇದ್ದವು, ಅಂದೆ, ಹೆಸರು ಬಾಯಿಗೆ ಬರ್ತಿಲ್ಲ.

"ಅದಕ್ಕೇನು," ಅಂದರು ಗುತ್ಯಪ್ಪ,
"ಹೆಸರು ಮರೆತವರಿಗೂ ಕೊನೆಗೆ ಒಂದು ಎಲೆ ಇರತ್ತೆ."

ಹೊರಡುವಾಗ, ಚಪ್ಪಲಿ ಹಾಕುವಾಗ,
"ಒಂದು ಬಿರಡೆ ತೆಗೆದಿದ್ದೀನಿ. ಬಯ್ಯಬೇಡಿ.
ಮೂರು ಹಾಗೇ ಇವೆ. ಒಂದಕ್ಕೆ ಗಾಳಿಯಾಡಲಿ."

ರೈಲು ಆನಂದಪುರ ದಾಟಿದಾಗ
ಕಿಟಕಿಯ ಗಾಳಿಗೆ ತಲೆಯನ್ನು ಒಡ್ಡಿ ನೋಡಿದೆ.
ಏನೋ ಕೇಳಿಸಿತು ಎಂದು ಬರೆದರೆ ಸುಳ್ಳಾಗುತ್ತದೆ.
ಎದುರು ಕೂತ ಹುಡುಗಿ, ಕೈಯಲ್ಲಿ ಕಡಲೆಕಾಯಿ ಪೊಟ್ಟಣ,
ಕೇಳದೆ ಕಿರುಬೆರಳನ್ನು ತೂತಿಗೆ ತೂರಿಸಿದಳು.
ಬಿಗಿಯಾಗಿ ಕೂತಿತು.
ಆಮೇಲೆ, ಯಾರೂ ಹೇಳಿಕೊಡದೆ,
ಮೆಲ್ಲಗೆ ತಿರುಗಿಸಿದಳು.